ಸಾಮಾನು ಹೊರುವವರು ಯಾರು? ಗುಬ್ಬಿ ವೀರಣ್ಣನವರ ತಿರುಗಾಟದ ಬದುಕು

ಹೋದ ವರ್ಷ ತುಳಸಿಗೇರಿ ಹನುಮಪ್ಪನ ಜಾತ್ರೆಗೆ ನಮ್ಮ ಕನ್ನಡ ಸಂಘದ ಬ್ಯಾಂಡ್ ಹಾಡಲಿಕ್ಕೆ ಹೋಗಿತ್ತು. ಬಾಗಲಕೋಟೆ ಬಿಟ್ಟು, ಗದ್ದನಕೇರಿ ಕ್ರಾಸ್ ದಾಟಿ ಕಲಾದಗಿ ರಸ್ತೆ ಹಿಡಿದರೆ ಅರ್ಧ ತಾಸಿನ ದಾರಿ. ನಾವು ಏಳು ಮಂದಿ. ಎರಡು ಗಿಟಾರ್, ಒಂದು ಕೀಬೋರ್ಡ್, ಡ್ರಮ್ಸ್, ಒಂದು ಡೊಳ್ಳು, ಬಾಡಿಗೆಗೆ ತಂದ ಒಂದು ಜನರೇಟರ್. ವ್ಯಾನಿನಲ್ಲಿ ಕೂತಾಗ ನಮ್ಮ ಠೀವಿ ಏನು ಕೇಳ್ತೀರಿ, ದೇಶವೆಲ್ಲಾ ಸುತ್ತಿ ಬಂದ ರಾಕ್ ಬ್ಯಾಂಡಿನವರ ಹಾಗೆ ಕಪ್ಪು ಕನ್ನಡಕ ಬೇರೆ ಹಾಕಿದ್ದೆವು. ಮೂರನೇ ಹಾಡಿಗೆ ಜನರೇಟರ್ ಉಸಿರು ಬಿಟ್ಟಿತು. ತಪ್ಪು ನಮ್ಮದೇ. ಎಷ್ಟು ಲೋಡ್ ಬೀಳುತ್ತದೆ ಅಂತ ಯಾರೂ ಲೆಕ್ಕ ಹಾಕಿರಲಿಲ್ಲ. ತಂಡದಲ್ಲಿ ಎಲೆಕ್ಟ್ರಿಕಲ್ ಬ್ರಾಂಚಿನವರೇ ಮೂರು ಮಂದಿ ಇದ್ದೆವು ಅನ್ನುವುದನ್ನು ಇಲ್ಲಿ ಬರೆಯಲಿಕ್ಕೂ ನಾಚಿಕೆ.

ಆಮೇಲೆ ನಡೆದದ್ದು ಇನ್ನೂ ಕೆಟ್ಟದ್ದು. ಸಾಮಾನು ಯಾರು ಇಳಿಸಬೇಕು, ಕೇಬಲ್ ಯಾರು ಸುತ್ತಬೇಕು, ಊಟದ ರೊಕ್ಕ ಯಾರ ಕಡೆ ಐತಿ ಅಂತ ಜಗಳ ಶುರುವಾಯಿತು. ಹಾಡುವವರು ತಾವು ಹಾಡಲಿಕ್ಕಷ್ಟೇ ಬಂದದ್ದು ಅಂದರು. ಡ್ರಮ್ಸ್‌ನವ ಸಿಟ್ಟಿಗೆದ್ದು ಸಿಕ್ಕ ಟಂಟಂ ಹತ್ತಿ ಹೋಗೇಬಿಟ್ಟ. ಉಳಿದವರು ಹಸಿದುಕೊಂಡು ಕತ್ತಲಲ್ಲಿ ಕೂತಿದ್ದೆವು. ಪಕ್ಕದಲ್ಲೇ ಒಂದು ನಾಟಕ ಕಂಪನಿಯ ತಗಡಿನ ಥೇಟರ್ ಇತ್ತು. ಆಟ ಮುಗಿದ ಮೇಲೆ ಅಲ್ಲಿಯ ಹಾರ್ಮೋನಿಯಂ ಮಾಸ್ತರರು ನಮ್ಮನ್ನು ಕರೆದು, ತಮ್ಮ ಕಂಪನಿಯ ಪಂಕ್ತಿಯಲ್ಲೇ ಕೂಡಿಸಿ ಜೋಳದ ರೊಟ್ಟಿ, ಝುಣಕ ಬಡಿಸಿದರು. ರಾತ್ರಿ ಒಂದು ಗಂಟೆ ಆಗಿತ್ತು. ಆಗಷ್ಟೇ ರಾಜನ ಪಾರ್ಟು ಮಾಡಿ ಬಂದವರು ಬಣ್ಣ ಒರೆಸಿಕೊಳ್ಳುತ್ತಲೇ ನಮಗೆ ನೀರು ಹಾಕಿದರು.

ಬಣ್ಣದ ಕೋಣೆಯ ಕನ್ನಡಿ ಮೇಲೆ ಒಂದು ಹಳೆಯ ಫೋಟೋ ಇತ್ತು. ಕುಂಕುಮ ಹಚ್ಚಿ, ಹೂ ಏರಿಸಿದ್ದರು. ಕಂಪನಿ ಮಾಲಕರ ಅಪ್ಪ ಇರಬೇಕು ಅಂತ ನಾವು ಕೇಳಿದೆವು. ಮಾಸ್ತರರು ನಕ್ಕರು. ಅದು ಗುಬ್ಬಿ ವೀರಣ್ಣನವರು. ಹೆಸರು ಕೇಳಿದ್ದೆವು. ಸರ್ಕಾರ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ ಅನ್ನುವುದೂ ಸ್ಪರ್ಧಾ ಪರೀಕ್ಷೆಯ ಪುಸ್ತಕದಲ್ಲಿ ಓದಿದ್ದು ನೆನಪಿತ್ತು. ಮನುಷ್ಯ ಯಾರು, ಏನು ಮಾಡಿದರು ಅಂತ ಮಾತ್ರ ಒಬ್ಬರಿಗೂ ಹೇಳಲಿಕ್ಕೆ ಬರಲಿಲ್ಲ. ಆ ರಾತ್ರಿಯ ರೊಟ್ಟಿ ಋಣ ತೀರಿಸಲಿಕ್ಕಾದರೂ ಓದಬೇಕು ಅಂತ ಕೂತೆವು. ಓದಿದ್ದರಲ್ಲಿ ನಮಗೆ ತಟ್ಟಿದ್ದನ್ನು ಇಲ್ಲಿ ಬರೆದಿದ್ದೇವೆ.

ಆರು ವರ್ಷದ ಹುಡುಗ

ಗುಬ್ಬಿ ಅಂದರೆ ತುಮಕೂರು ಜಿಲ್ಲೆಯ ಒಂದು ತಾಲೂಕು ಊರು. ಬೆಂಗಳೂರಿನಿಂದ ತುಮಕೂರು, ಅರಸೀಕೆರೆ ಮೇಲೆ ಹುಬ್ಬಳ್ಳಿ ಕಡೆ ಬರುವ ರೈಲಿನಲ್ಲಿ ಹೋದವರು ಆ ಸ್ಟೇಶನ್ ನೋಡಿರುತ್ತೀರಿ. 1884ರಲ್ಲಿ ಆ ಊರಿನ ಚಂದಣ್ಣ ಎಂಬವರು ಒಂದಿಷ್ಟು ಮಂದಿಯನ್ನು ಕೂಡಿಸಿಕೊಂಡು ನಾಟಕದ ಕಂಪನಿ ಕಟ್ಟಿದರು. ಊರ ದೇವರು ಚನ್ನಬಸವೇಶ್ವರನ ಹೆಸರನ್ನೇ ಕಂಪನಿಗೆ ಇಟ್ಟರು. ಅದೇ ದಶಕದಲ್ಲಿ ರೈಲು ಆ ಕಡೆ ಓಡಾಡಲಿಕ್ಕೆ ಹತ್ತಿತು. ಪರದೆ, ಪೆಟ್ಟಿಗೆ, ಮಂದಿ ಎಲ್ಲವನ್ನೂ ಗೂಡ್ಸ್ ಡಬ್ಬಿಗೆ ತುಂಬಿ ಮುಂದಿನ ಊರಿಗೆ ಸಾಗಿಸಬಹುದು ಅಂತಾದ ಮೇಲೆ ನಾಟಕದವರ ಸುತ್ತಾಟದ ಹರವೇ ಬದಲಾಯಿತು. ಎತ್ತಿನ ಗಾಡಿಗೆ ಆಗದ ದೂರ ಈಗ ಒಂದು ರಾತ್ರಿಯ ಮಾತು.

ವೀರಣ್ಣ ಹುಟ್ಟಿದ್ದು 1891ರಲ್ಲಿ. ತಂದೆ ಹಂಪಣ್ಣ. ಆರನೇ ವಯಸ್ಸಿಗೆ ಹುಡುಗ ಕಂಪನಿ ಸೇರಿದ. ನಮ್ಮ ಮನೆಗಳಲ್ಲಿ ಆರು ವರ್ಷದ ಕೂಸಿಗೆ ಯೂನಿಫಾರ್ಮ್ ಹಾಕಿ ಒಂದನೇ ಇಯತ್ತೆಗೆ ಕಳಿಸುವ ಹೊತ್ತಿಗೆ, ಆ ಹುಡುಗನಿಗೆ ಬಣ್ಣ ಹಚ್ಚಿ ದೀಪದ ಮುಂದೆ ನಿಲ್ಲಿಸಿದ್ದರು. ಸಾಲಿ ಕಲಿತದ್ದು ಅಷ್ಟಕ್ಕಷ್ಟೇ. ಓದು, ಬರಹ, ತಾಳ, ರಾಗ, ಲೆಕ್ಕ, ಮಂದಿಯ ಜೋಡಿ ಬಾಳುವ ರೀತಿ ಎಲ್ಲವೂ ಅಲ್ಲೇ, ಪರದೆಯ ಹಿಂದೆ.

ಆ ಕಾಲದ ಕಂಪನಿಯಲ್ಲಿ ಹುಡುಗನ ದಿನ ಹೇಗಿರುತ್ತಿತ್ತು ಅಂತ ಯೋಚನೆ ಮಾಡಿ ನೋಡಿ. ಆಟ ಸುರುವಾಗುವುದೇ ರಾತ್ರಿ ಊಟದ ಮೇಲೆ, ಮುಗಿಯುವುದು ಕೋಳಿ ಕೂಗುವ ಹೊತ್ತಿಗೆ. ಹಗಲು ಸ್ವಲ್ಪ ನಿದ್ದೆ, ಆಮೇಲೆ ಹಾಡಿನ ತಾಲೀಮು. ಮೈಕ್ ಅನ್ನುವ ವಸ್ತುವೇ ಇರಲಿಲ್ಲ. ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕೂತ ಒಂದಾಣೆ ಟಿಕೀಟಿನ ಮನುಷ್ಯನಿಗೂ ಮಾತು ಕೇಳಬೇಕು. ಕೇಳದಿದ್ದರೆ ಆತ ಕೂಗುತ್ತಾನೆ, ಸಿಳ್ಳೆ ಹೊಡೆಯುತ್ತಾನೆ. ಅಕೌಸ್ಟಿಕ್ಸ್ ಅನ್ನುವುದನ್ನು ನಾವು ಪುಸ್ತಕದಲ್ಲಿ ಓದುತ್ತೇವೆ. ಆ ಹುಡುಗರು ಗಂಟಲಿನಿಂದ ಕಲಿತರು.

ಪಾತ್ರ ಚಿಕ್ಕದಿದ್ದಾಗ ಬೇರೆ ಕೆಲಸ ಇದ್ದೇ ಇರುತ್ತಿತ್ತು. ಪರದೆ ಎಳೆಯುವುದು, ಪೆಟ್ಟಿಗೆ ಕಾಯುವುದು, ದೀಪಕ್ಕೆ ಎಣ್ಣೆ ನೋಡಿಕೊಳ್ಳುವುದು. ಆ ಕೆಲಸಗಳ ನಡುವೆಯೇ ವೀರಣ್ಣನವರು ಹಾಸ್ಯದ ಕಡೆ ಬಂದರು. ರಾಜನ ಪಾತ್ರಕ್ಕೆ ಬೇಕಾದ ಎತ್ತರ, ಗಾಯನಕ್ಕೆ ಬೇಕಾದ ಭಾರಿ ಕಂಠ ಇದ್ದವರು ಕಂಪನಿಯಲ್ಲಿ ಬೇರೆಯವರಿದ್ದರು. ಇವರ ಬಂಡವಾಳ ಸಮಯ ಪ್ರಜ್ಞೆ. ಎದುರಿಗೆ ಕೂತವರ ಮನಸ್ಸು ಯಾವ ಕ್ಷಣಕ್ಕೆ ಎತ್ತ ವಾಲುತ್ತದೆ ಅಂತ ಹಿಡಿಯುವ ಗುಣ.

ಸದಾರಮೆಯ ಕಳ್ಳ

ಗುಬ್ಬಿ ಕಂಪನಿಗೆ ನಾಟಕ ಬರೆದುಕೊಟ್ಟವರಲ್ಲಿ ಬೆಳ್ಳಾವೆ ನರಹರಿ ಶಾಸ್ತ್ರಿಗಳು ದೊಡ್ಡ ಹೆಸರು. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ಕ್ಕೆ ಸಾಹಿತ್ಯ ಬರೆದವರೂ ಇವರೇ. ಇವರ ‘ಸದಾರಮೆ’ ನಾಟಕದಲ್ಲಿ ಒಬ್ಬ ಕಳ್ಳ ಬರುತ್ತಾನೆ. ಕಥೆಯ ಪ್ರಕಾರ ನೋಡಿದರೆ ದುಷ್ಟ, ಹೆಣ್ಣನ್ನು ಕದ್ದೊಯ್ಯುವವ. ವೀರಣ್ಣನವರ ಕೈಗೆ ಬಂದಾಗ ಆ ಕಳ್ಳನೇ ನಾಟಕದ ಜೀವವಾದ. ಕದಿಯಲಿಕ್ಕೆ ಬಂದವನೇ ಪೇಚಿಗೆ ಸಿಗುವುದು, ತಾನೇ ದೊಡ್ಡ ಚಾಲಾಕಿ ಅಂದುಕೊಂಡು ಹೆಜ್ಜೆ ಹೆಜ್ಜೆಗೂ ಎಡವುವುದು, ಇದನ್ನು ನೋಡಲಿಕ್ಕೆಂದೇ ಮಂದಿ ನಾಲ್ಕನೇ ಸಲ, ಐದನೇ ಸಲ ಬರುತ್ತಿದ್ದರು. ಮೈಸೂರು ಸೀಮೆಯಲ್ಲಿ ಸದಾರಮೆಯ ಕಳ್ಳ ಅಂದರೆ ವೀರಣ್ಣ ಅಂತಲೇ ಲೆಕ್ಕ. ‘ನಾಟಕರತ್ನ’ ಎಂಬ ಬಿರುದು ಅವರ ಹೆಸರಿನ ಹಿಂದೆ ಬಿಡದೆ ಅಂಟಿಕೊಂಡಿತು.

ಇದರಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿ ಇದೆ. ಒಂದೇ ಪಾತ್ರವನ್ನು ವರ್ಷಗಟ್ಟಲೆ, ನೂರಾರು ರಾತ್ರಿ ಮಾಡುವುದು. ನಾವು ಒಂದು ಹಾಡನ್ನು ಹತ್ತು ಸಲ ಹಾಡಿದರೆ ಬ್ಯಾಸರ ಬಂತು ಅಂತೇವೆ. ತಿರುಗಾಟದ ಕಂಪನಿಯಲ್ಲಿ ಪ್ರತಿ ಊರಿಗೂ ಆ ಆಟ ಹೊಸದು. ನಟನಿಗೆ ಮಾತ್ರ ಹಳೆಯದು. ಪ್ರತಿ ರಾತ್ರಿ ಅದನ್ನು ಹೊಸದು ಮಾಡಿ ಕೊಡುವುದೇ ಅವನ ಕೆಲಸ.

ಧಣಿಯಾದ ನಟ

1917ರಲ್ಲಿ ಕಂಪನಿಯ ಒಡೆತನ ವೀರಣ್ಣನವರ ಕೈಗೆ ಬಂತು. ವಯಸ್ಸು ಇಪ್ಪತ್ತಾರು. ನಮ್ಮ ಸೀನಿಯರ್‌ಗಳು ಕೆಲಸಕ್ಕೆ ಸೇರಿ ಮೂರ್ನಾಲ್ಕು ವರ್ಷ ಆಗಿರುತ್ತದಲ್ಲ, ಆ ವಯಸ್ಸು. ಅವತ್ತಿನಿಂದ ರಾತ್ರಿ ನಗಿಸುವ ಕೆಲಸದ ಜೋಡಿ, ಹಗಲು ಲೆಕ್ಕದ ಕೆಲಸವೂ ಹೆಗಲಿಗೆ ಬಿತ್ತು.

ಆ ಲೆಕ್ಕ ಏನು ಅಂತ ಬಿಡಿಸಿ ನೋಡೋಣ. ಕಂಪನಿ ಒಂದು ಊರಿಗೆ ಹೋಗಿ ಮುಕ್ಕಾಂ ಹಾಕಬೇಕು ಅಂದರೆ, ಮೊದಲು ಒಬ್ಬ ಮ್ಯಾನೇಜರ್ ಮುಂದಾಗಿ ಹೋಗಿ ಜಾಗ ಹಿಡಿಯಬೇಕು. ಪರವಾನಗಿ ತೆಗೆಸಬೇಕು. ಬ್ರಿಟಿಷರ ಆಡಳಿತ ಇದ್ದ ಸೀಮೆಗಳಲ್ಲಿ 1876ರ ನಾಟಕ ಪ್ರದರ್ಶನ ಕಾಯ್ದೆ ಬೇರೆ. ಅಧಿಕಾರಿಗೆ ಬೇಡ ಅನ್ನಿಸಿದರೆ ಆಟ ಬಂದ್. ಆಮೇಲೆ ಗಳ, ತಟ್ಟಿ, ತಗಡು ತಂದು ಥೇಟರ್ ಕಟ್ಟಬೇಕು. ಮಂದಿಗೆ ಬಿಡಾರ ನೋಡಬೇಕು. ಅಡಿಗೆಯವರು ಒಲೆ ಹೂಡಬೇಕು. ಹ್ಯಾಂಡ್‌ಬಿಲ್ ಅಚ್ಚು ಹಾಕಿಸಿ, ಗಾಡಿ ಮೇಲೆ ಬ್ಯಾಂಡ್ ಬಾರಿಸುತ್ತಾ ಓಣಿ ಓಣಿ ಹಂಚಬೇಕು. ಇಷ್ಟೆಲ್ಲಾ ಖರ್ಚಾದ ಮೇಲೆ ಮೊದಲನೇ ಟಿಕೀಟು ಹರಿಯುವುದು.

ಆಟಕ್ಕೆ ಮಂದಿ ಬರಲಿ ಬಿಡಲಿ, ಕಂಪನಿಯ ಮಂದಿಗೆ ಎರಡು ಹೊತ್ತು ಊಟ ಹಾಕಲೇಬೇಕು. ಮಳೆ ಬಂದರೆ ಆಟ ಇಲ್ಲ, ಊಟ ಇದೆ. ಊರಿಗೆ ಪ್ಲೇಗ್ ಬಂದರೆ ಆಟ ಇಲ್ಲ, ಊಟ ಇದೆ. ಸುಗ್ಗಿ ಕೆಟ್ಟು ರೈತರ ಕೈಯಲ್ಲಿ ರೊಕ್ಕ ಆಡದಿದ್ದರೆ ಥೇಟರ್ ಖಾಲಿ, ಪಂಕ್ತಿ ಮಾತ್ರ ಭರ್ತಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇನ್‌ಪುಟ್ ಯಾವಾಗ ಬೇಕಾದರೂ ಕಡಿಯಬಹುದು, ಔಟ್‌ಪುಟ್ ಒಂದು ದಿನವೂ ನಿಲ್ಲುವಂತಿಲ್ಲ. ಇಂಥ ಯಂತ್ರವನ್ನು ಅರ್ಧ ಶತಮಾನ ನಡೆಸುವುದು ಅಂದರೆ ಹುಡುಗಾಟವಲ್ಲ. ಇದೇ ಲೆಕ್ಕದಲ್ಲಿ ಸೋತು ಎಷ್ಟೋ ಕಂಪನಿಗಳು ಪರದೆ, ಪೆಟ್ಟಿಗೆ ಒತ್ತೆ ಇಟ್ಟು ನಡುದಾರಿಯಲ್ಲೇ ಮುರಿದವು.

ವೀರಣ್ಣನವರಿಗೂ ಸಾಲ ಹೊಸದಲ್ಲ. ಹಾಗಂತ ಬಂದ ರೊಕ್ಕವನ್ನು ಬಚ್ಚಿಡುವ ಪೈಕಿಯೂ ಅಲ್ಲ. ಒಂದು ಆಟದಲ್ಲಿ ಗಳಿಸಿದ್ದನ್ನು ಮುಂದಿನ ಆಟದ ಸೀನರಿಗೆ, ಉಡುಪಿಗೆ, ದೀಪಕ್ಕೆ ಸುರಿಯುವುದು ಅವರ ಪದ್ಧತಿ. ಕಂಪನಿ ಕನ್ನಡಕ್ಕಷ್ಟೇ ನಿಲ್ಲದೆ ತೆಲುಗು, ತಮಿಳು ಸೀಮೆಗಳಿಗೂ ಹೋಗಿ, ಅವರ ಭಾಷೆಯಲ್ಲೇ ಆಟ ಆಡಿತು. ಹುಡುಗರದ್ದೇ ಒಂದು ಶಾಖೆಯನ್ನೂ ಕಟ್ಟಿ ನಡೆಸಿದರು.

ಆನೆ, ಕುದುರೆ, ರಥ

ಎಂಜಿನಿಯರಿಂಗ್ ಓದುವ ನಮಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು 1934ರ ‘ಕುರುಕ್ಷೇತ್ರ’. ನಾಟಕ ಬರೆದವರು ಬಿ. ಪುಟ್ಟಸ್ವಾಮಯ್ಯ. ಯುದ್ಧದ ಕಥೆಯಾದ ಮೇಲೆ ಯುದ್ಧ ಕಾಣಬೇಕು ಅಂತ ವೀರಣ್ಣನವರು ಹಟ ಹಿಡಿದರು. ಪರದೆ ಮೇಲೆ ಬರೆಸಿದ ಆನೆ ಸಾಲದು ಅಂತ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ರಥಗಳು ಓಡಾಡಿದವು. ಬಣ್ಣದ ವಿದ್ಯುತ್ ದೀಪಗಳು ಬೆಳಗಿದವು.

ಇದನ್ನು ಒಂದು ಪ್ರಾಜೆಕ್ಟ್ ಅಂತ ತಿಳಿದು ಯೋಚಿಸಿ. ರಂಗದ ಹಲಗೆ ಆನೆಯ ಭಾರ ತಡೆಯುವುದಿಲ್ಲ, ಹಾಗಾಗಿ ರಂಗವನ್ನೇ ಬಯಲಿಗೆ ಹರವಬೇಕು. ಆನೆ ದಿನಕ್ಕೆ ನೂರು ಕಿಲೋಗೂ ಹೆಚ್ಚು ಮೇವು ತಿನ್ನುತ್ತದೆ. ಆಟ ಇಲ್ಲದ ದಿನವೂ ತಿನ್ನುತ್ತದೆ. ಶಂಖ ಊದಿದಾಗ, ದೀಪ ಝಗ್ ಅಂದಾಗ ಕುದುರೆ ಬೆದರಬಾರದು, ಅದಕ್ಕೆ ಅದನ್ನೂ ತಾಲೀಮಿಗೆ ಕರೆದುಕೊಂಡು ಬರಬೇಕು. ಎದುರಿಗೆ ಮಕ್ಕಳು, ಮುದುಕರು ಕೂತಿರುತ್ತಾರೆ. ಒಂದು ಪ್ರಾಣಿ ದಿಕ್ಕು ತಪ್ಪಿದರೆ ಏನಾದೀತು? ಇಷ್ಟನ್ನೂ ಹೊಂದಿಸಿ, ಟಿಕೀಟು ಮಾರಿ, ಅದರ ಮೇಲೆ ತಾವೂ ಬಣ್ಣ ಹಚ್ಚಿಕೊಂಡು ನಿಲ್ಲಬೇಕು. ದೊಡ್ಡ ಬ್ಯಾಂಡುಗಳ ಟೂರ್ ಬಗ್ಗೆ ವಿಡಿಯೋ ನೋಡುತ್ತೇವಲ್ಲ, ನಲವತ್ತು ಲಾರಿ, ಐವತ್ತು ಲಾರಿ ಸಾಮಾನು ಅಂತ, ಅದರ ಅಜ್ಜ ಇಲ್ಲೇ ತುಮಕೂರಿನ ಬಾಜೂಕೆ ಇದ್ದ!

‘ದಶಾವತಾರ’ದಂಥ ಇನ್ನೊಂದಿಷ್ಟು ಆಟಗಳು ಟ್ರಿಕ್ ಸೀನುಗಳಿಗೆ ಹೆಸರಾದವು. ಹಗ್ಗ, ಗಡಗಡಿ, ಕೀಲು, ಕನ್ನಡಿ, ಹೊಗೆ ಇವಿಷ್ಟರಲ್ಲೇ ದೇವರನ್ನು ಮಾಯ ಮಾಡಬೇಕು, ಮತ್ತೆ ಕರೆಸಬೇಕು. ಹಿಂದೆ ಹಗ್ಗ ಹಿಡಿದವನ ಹೆಸರು ಹ್ಯಾಂಡ್‌ಬಿಲ್ಲಿನಲ್ಲಿ ಇರುವುದಿಲ್ಲ. ಅವನ ಕೈ ಒಂದು ಕ್ಷಣ ತಡವಾದರೆ ಮಾತ್ರ ದೇವರು ನಗೆಪಾಟಲು.

ಕಂಪನಿ ಎಂಬ ಮನೆ

ತಿರುಗಾಟದ ಬದುಕಿನ ಇನ್ನೊಂದು ಮುಖವನ್ನು ಮುಚ್ಚಿಡಬಾರದು. ಕಂಪನಿ ಸೇರಿದವರಿಗೆ ಮನೆ ಅಂದರೆ ಬಿಡಾರ. ಹಬ್ಬ, ಹೆರಿಗೆ, ಸಾವು ಎಲ್ಲ ಯಾವುದೋ ಊರಿನ ಬಾಡಿಗೆ ಕೋಣೆಯಲ್ಲಿ. ಮಕ್ಕಳಿಗೆ ಸಾಲಿ ಇಲ್ಲ, ಯಾಕಂದರೆ ಹೆಸರು ಹಚ್ಚುವ ಹೊತ್ತಿಗೆ ಮುಕ್ಕಾಂ ಎತ್ತಿರುತ್ತದೆ. ಊರವರು ರಾತ್ರಿ ಚಪ್ಪಾಳೆ ಹೊಡೆಯುತ್ತಾರೆ. ಬೆಳಿಗ್ಗೆ ಅವರೇ ನಾಟಕದವರಿಗೆ ಮನೆ ಬಾಡಿಗೆ ಕೊಡಲಿಕ್ಕೆ ಹಿಂದೆಮುಂದೆ ನೋಡುತ್ತಾರೆ. ಹೆಣ್ಣುಮಕ್ಕಳ ಬಗ್ಗೆಯಂತೂ ಕೇಳುವುದೇ ಬೇಡ.

ಮೊದಲು ಹೆಣ್ಣು ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ವೀರಣ್ಣನವರ ಕಂಪನಿಯಲ್ಲಿ ಹೆಣ್ಣುಮಕ್ಕಳೇ ಬಂದು ಆ ಜಾಗ ತುಂಬಿದರು. ಬಿ. ಜಯಮ್ಮನವರು ಅವರಲ್ಲಿ ದೊಡ್ಡ ಹೆಸರು, ಮುಂದೆ ಸಿನಿಮಾದಲ್ಲೂ ಮಿಂಚಿದರು. ವೀರಣ್ಣನವರಿಗೆ ಮೂವರು ಹೆಂಡಂದಿರು: ಸುಂದರಮ್ಮ, ಭದ್ರಮ್ಮ, ಜಯಮ್ಮ. ಪಗಾರ ಕೊಡುವ ಧಣಿಯೂ, ಜೋಡಿ ನಟನೂ, ಮನೆಯ ಯಜಮಾನನೂ ಒಬ್ಬನೇ ಆದಾಗ ಹೆಣ್ಣಿನ ಮಾತಿಗೆ ಎಷ್ಟು ಜಾಗ ಉಳಿದೀತು ಅಂತ ನಮ್ಮ ತಂಡದ ಹುಡುಗಿಯರು ಕೇಳಿದರು. ಸರಿಯಾದ ಪ್ರಶ್ನೆಯೇ. ದೊಡ್ಡವರ ಕಥೆ ಬರೆಯುವಾಗ ಇಂಥ ಪ್ರಶ್ನೆಗಳನ್ನು ಹೊರಗಿಟ್ಟು ಬರೆಯಬಾರದು ಅನ್ನಿಸಿತು. ಆ ಹೆಣ್ಣುಮಕ್ಕಳು ನಡೆದ ದಾರಿ ಇನ್ನೂ ಕಲ್ಲುಮುಳ್ಳಿನದು, ಅವರ ಹೆಸರು ಇನ್ನೂ ಕಡಿಮೆ ಮಂದಿಗೆ ಗೊತ್ತು.

ನಮ್ಮ ಸೀಮೆಯನ್ನೇ ತಗೊಳ್ಳಿ. ಆಗ ಬಾಗಲಕೋಟೆ ಇದ್ದದ್ದು ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿ. ಮೈಸೂರು ಕಡೆ ಗುಬ್ಬಿ ಕಂಪನಿ ಇದ್ದ ಹಾಗೆ, ಈ ಕಡೆ ಶಿರಹಟ್ಟಿ ವೆಂಕೋಬರಾಯರು, ಗದಗಿನ ಗರುಡ ಸದಾಶಿವರಾಯರು, ವಾಮನರಾವ್ ಮಾಸ್ತರರು ಕಂಪನಿ ಕಟ್ಟಿಕೊಂಡು ಸುತ್ತುತ್ತಿದ್ದರು. ಮುಂದೆ ದೇಶಕ್ಕೇ ಹೆಸರಾದ ಮಲ್ಲಿಕಾರ್ಜುನ ಮನ್ಸೂರರು ಹುಡುಗನಾಗಿದ್ದಾಗ ಹಾಡಿದ್ದು ವಾಮನರಾಯರ ಕಂಪನಿಯಲ್ಲೇ. ಬೀಳಗಿಯ ಅಮೀರಬಾಯಿ ಮುಂಬೈಗೆ ಹೋಗಿ ಹಿಂದಿ ಸಿನಿಮಾದ ದೊಡ್ಡ ಗಾಯಕಿಯಾದರು, ಅವರ ಅಕ್ಕ ಗೋಹರಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೋಡಿ ನಿಂತರು. ಹುನಗುಂದ ತಾಲೂಕಿನ ಪಿ.ಬಿ. ಧುತ್ತರಗಿಯವರು ಬರೆದ ‘ಸಂಪತ್ತಿಗೆ ಸವಾಲ್’ ನಾಟಕವೇ ಮುಂದೆ ರಾಜ್‌ಕುಮಾರ್ ಸಿನಿಮಾ ಆಯಿತು. ಜಾತ್ರೆಯಲ್ಲಿ ಇವತ್ತಿಗೂ ತಗಡಿನ ಥೇಟರ್ ಏಳುವುದು ಇದೇ ಬೇರಿನಿಂದ.

ಹುಡುಗನನ್ನು ಬಿಟ್ಟುಕೊಟ್ಟದ್ದು

ಗುಬ್ಬಿ ಕಂಪನಿಯಿಂದ ಹೊರಬಿದ್ದವರ ಪಟ್ಟಿ ನೋಡಿದರೆ, ಕನ್ನಡ ಸಿನಿಮಾದ ಅರ್ಧ ಇತಿಹಾಸ ಅಲ್ಲೇ ಕೂತಂತೆ ಕಾಣುತ್ತದೆ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಆ ಕಂಪನಿಯ ನಟರು. ಅವರ ಬೆನ್ನಿಗೆ ಬಿಡಾರದಿಂದ ಬಿಡಾರಕ್ಕೆ ಸುತ್ತಿದ ಮಗ ಮುತ್ತುರಾಜನೇ ನಮ್ಮ ರಾಜ್‌ಕುಮಾರ್. ಜಿ.ವಿ. ಅಯ್ಯರ್, ಬಿ.ಆರ್. ಪಂತುಲು ಕೂಡ ಗುಬ್ಬಿ ಕಂಪನಿಯಲ್ಲಿ ಪಳಗಿದವರೇ. 1954ರಲ್ಲಿ ತೆರೆಗೆ ಬಂದ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಮೊದಲ ಸಲ ನಾಯಕನಾದಾಗ, ಅದರ ನಿರ್ಮಾಣದ ಹಿಂದೆಯೂ ಗುಬ್ಬಿಯ ಹೆಸರೇ ಇತ್ತು.

ಸಿನಿಮಾದ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ವೀರಣ್ಣನವರಿಗೆ ಬೇಗನೇ ತಿಳಿದಿತ್ತು. ಮೂಕಿ ಚಿತ್ರಗಳ ಕಾಲದಲ್ಲೇ ‘ಹರಿಮಾಯ’ದಂಥ ಪ್ರಯೋಗಕ್ಕೆ ಕೈಹಾಕಿದ್ದರು. 1935ರಲ್ಲಿ ‘ಸದಾರಮೆ’ ಟಾಕಿಯಾಯಿತು. 1942ರಲ್ಲಿ ‘ಜೀವನ ನಾಟಕ’, 1945ರಲ್ಲಿ ‘ಹೇಮರೆಡ್ಡಿ ಮಲ್ಲಮ್ಮ’ ಬಂದವು. ಚಿತ್ರಮಂದಿರಗಳನ್ನೂ ಕಟ್ಟಿಸಿದರು. ತಮ್ಮ ನಾಟಕದ ಪ್ರೇಕ್ಷಕರನ್ನು ಎಳೆದುಕೊಂಡು ಹೋಗುತ್ತಿದ್ದ ಯಂತ್ರವನ್ನೇ ತಾವೂ ತಿರುಗಿಸಿ ನೋಡಿದರು. ಆದರೆ ಸಿನಿಮಾ ಸಿಕ್ಕಿತು ಅಂತ ಕಂಪನಿಯನ್ನು ಬಿಡಲಿಲ್ಲ. ಬಿಟ್ಟಿದ್ದರೆ ಪಂಕ್ತಿಯಲ್ಲಿ ಕೂತವರು ಎಲ್ಲಿಗೆ ಹೋಗಬೇಕಿತ್ತು?

ನಮಗೆ ಬಹಳ ಹಿಡಿಸಿದ್ದು ಬಿ.ವಿ. ಕಾರಂತರ ಪ್ರಸಂಗ. ದಕ್ಷಿಣ ಕನ್ನಡದ ಹುಡುಗ ಮನೆ ಬಿಟ್ಟು ಬಂದು ಗುಬ್ಬಿ ಕಂಪನಿ ಸೇರಿದ. ಹಾಡುತ್ತಿದ್ದ, ಪಾರ್ಟು ಮಾಡುತ್ತಿದ್ದ. ಕಂಪನಿಗೆ ಅಂಥ ಹುಡುಗ ಅಂದರೆ ಬಂಗಾರ. ಯಾವ ಧಣಿಯಾದರೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದ. ವೀರಣ್ಣನವರು ಆತನನ್ನು ತಾವೇ ಖರ್ಚು ಕೊಟ್ಟು ಓದಲಿಕ್ಕೆ ಬನಾರಸಕ್ಕೆ ಕಳಿಸಿದರು. ಅಲ್ಲಿ ಎಂ.ಎ. ಓದುವುದರ ಜೋಡಿ ಹಿಂದೂಸ್ತಾನಿ ಸಂಗೀತವೂ ಆಯಿತು. ಆಮೇಲೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆ, ಅಲ್ಲಿಂದ ಮುಂದೆ ಮೈಸೂರಿನ ರಂಗಾಯಣ. ಕಾರಂತರು ಹೊಸ ರಂಗಭೂಮಿಯ ದೊಡ್ಡ ಗುರುವಾದರು. ಅವರು ಗುಬ್ಬಿ ಕಂಪನಿಗೆ ನಟನಾಗಿ ವಾಪಸ್ ಬರಲಿಲ್ಲ. ಬರಲಿ ಅಂತ ಕಳಿಸಿದ್ದೂ ಅಲ್ಲ ಅಂತ ಕಾಣುತ್ತದೆ.

ಸಾಲಿ ಕಟ್ಟೆ ಸರಿಯಾಗಿ ಹತ್ತದೆ ಆರನೇ ವಯಸ್ಸಿಗೆ ಗಾಡಿ ಹತ್ತಿದ ಮನುಷ್ಯ, ಇನ್ನೊಬ್ಬ ಹುಡುಗನನ್ನು ಗಾಡಿಯಿಂದ ಇಳಿಸಿ ಕಾಲೇಜಿಗೆ ಕಳಿಸಿದ. ತಮ್ಮ ಬದುಕಿನಲ್ಲಿ ಏನು ತಪ್ಪಿಹೋಯಿತು ಅಂತ ಅವರಿಗೆ ಗೊತ್ತಿತ್ತು ಅನ್ನಿಸುತ್ತದೆ. ಫೀ ಕಟ್ಟಿಸಿಕೊಂಡು ಕ್ಲಾಸ್ ಬಂಕ್ ಹೊಡೆಯುವ ನಾವು ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಾದೆವು.

ಕೊನೆಯ ಮುಕ್ಕಾಂ

ಸ್ವಾತಂತ್ರ್ಯ ಬಂತು, ಕರ್ನಾಟಕ ಒಂದಾಯಿತು, ಊರೂರಿಗೆ ಟೂರಿಂಗ್ ಟಾಕೀಸು ಬಂದವು. ರಾತ್ರಿಯೆಲ್ಲಾ ನಡೆಯುತ್ತಿದ್ದ ಆಟ ಮೂರು ತಾಸಿಗೆ ಇಳಿಯಿತು. ವೀರಣ್ಣನವರು ವಯಸ್ಸಾದ ಮೇಲೂ ಬಣ್ಣ ಹಚ್ಚಿದರು. ತಮ್ಮ ಬದುಕಿನ ಕಥೆಯನ್ನು ಪುಸ್ತಕವಾಗಿ ಕೊಟ್ಟರು. ಅದರ ಹೆಸರು ‘ಕಲೆಯೇ ಕಾಯಕ’. ನಮ್ಮ ಬಸವಣ್ಣನವರ ನಾಡಿನವರಿಗೆ ಈ ಹೆಸರು ಬಿಡಿಸಿ ಹೇಳಬೇಕಾಗಿಲ್ಲ. ಕೂಡಲಸಂಗಮ ನಮ್ಮ ಕಾಲೇಜಿನಿಂದ ದೂರವೇನೂ ಇಲ್ಲ. ಕಾಯಕ ಅಂದರೆ ಮೈ ಬಗ್ಗಿಸಿ ಮಾಡುವ ದಿನದಿನದ ದುಡಿಮೆ, ಬಂದದ್ದನ್ನು ಹಂಚಿಕೊಂಡು ತಿನ್ನುವುದು. ಕಲೆಗೆ ಆ ಮಾತು ಕೂಡಿಸಿದ್ದರಲ್ಲೇ ಅವರ ಲೆಕ್ಕವೆಲ್ಲಾ ಇದೆ.

1972ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ಕೊಟ್ಟಿತು. ಅದೇ ವರ್ಷ ವೀರಣ್ಣನವರು ತೀರಿಕೊಂಡರು. ಎಂಬತ್ತೊಂದು ವರ್ಷದ ಬದುಕಿನಲ್ಲಿ ಎಪ್ಪತ್ತೈದು ವರ್ಷ ಕಂಪನಿಯದ್ದು. ತುಮಕೂರಿನ ರಂಗಮಂದಿರಕ್ಕೆ ಅವರ ಹೆಸರಿಟ್ಟಿದ್ದಾರೆ. ಮೊಮ್ಮಗಳು ಬಿ. ಜಯಶ್ರೀಯವರು ಆ ಮನೆತನದ ಹಾಡನ್ನು ಹೊಸ ರಂಗಕ್ಕೆ ತಂದು, ‘ಸದಾರಮೆ’ಯನ್ನು ನಮ್ಮ ಕಾಲದವರಿಗೂ ಕಾಣಿಸಿದರು.

ಈಗ ನಮ್ಮ ಬ್ಯಾಂಡಿನ ವಿಷಯ. ಜಾತ್ರೆಯಿಂದ ಬಂದ ಮೇಲೆ ಒಂದೂವರೆ ತಿಂಗಳು ಯಾರೂ ಯಾರ ಜೋಡಿಯೂ ಸರಿಯಾಗಿ ಮಾತಾಡಿರಲಿಲ್ಲ. ಹಾಡು ಕೆಟ್ಟಿತ್ತು ಅಂತ ಅಲ್ಲ. ಹಾಡು ಚೊಲೋನೇ ಇತ್ತು. ಹಾಡಿನ ಸುತ್ತ ಇರುವ ಕೆಲಸವನ್ನು ಕೆಲಸ ಅಂತ ನಾವು ಎಣಿಸಿಯೇ ಇರಲಿಲ್ಲ. ಡ್ರಮ್ಸ್‌ನವನ ರೂಮಿಗೆ ಹೋಗಿ ಕೂತು ಮಾತಾಡಿದೆವು. ಆತ ಅವತ್ತು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವಂತೆ. ಸ್ಪೀಕರ್ ಹೊತ್ತವನೂ ಅವನೇ, ಜನರೇಟರ್ ತಂದವನೂ ಅವನೇ. ಅದು ನಮ್ಮಲ್ಲಿ ಒಬ್ಬರಿಗೂ ನೆನಪಿರಲಿಲ್ಲ.

ಈಗ ಒಂದು ನೋಟ್‌ಬುಕ್ ಮಾಡಿದ್ದೇವೆ. ಮೊದಲ ಪುಟದಲ್ಲಿ ಹಾಡಿನ ಪಟ್ಟಿ ಇಲ್ಲ. ಎಷ್ಟು ಮಂದಿ, ಎಷ್ಟು ಊಟ, ಯಾವ ಸಾಮಾನು ಯಾರ ಕೈಯಲ್ಲಿ ಅಂತ ಇದೆ. ಎರಡನೇ ಪುಟದಲ್ಲಿ ಲೋಡ್ ಲೆಕ್ಕ, ಈ ಸಲ ಮೂರೂ ಮಂದಿ ಬೇರೆ ಬೇರೆ ಹಾಕಿ ತಾಳೆ ನೋಡಿದ್ದು. ಹಾಡು ಮೂರನೇ ಪುಟಕ್ಕೆ.

ಬರುವ ಜಾತ್ರೆಗೆ ತುಳಸಿಗೇರಿಗೆ ಮತ್ತ ಹೊಂಟೀವಿ. ಹಾರ್ಮೋನಿಯಂ ಮಾಸ್ತರರ ಕಂಪನಿ ಅಲ್ಲಿ ಮುಕ್ಕಾಂ ಹಾಕಿದ್ದರೆ ಈ ಸಲ ರೊಟ್ಟಿ ಬುಟ್ಟಿ ನಮ್ಮ ಕಡೆಯಿಂದ ಹೋಗಬೇಕು ಅಂತ ಮಾತಾಗೈತಿ. ವ್ಯಾನಿನಾಗ ಇನ್ನೂ ಎರಡು ಸೀಟು ಖಾಲಿ ಅದಾವ. ಬರುವವರು ಸಂಘದ ಕೋಣೆಗೆ ಬಂದು ಹೆಸರು ಬರೆಸ್ರಿ. ಹಾಡಾಕ ಬರದಿದ್ದರೂ ನಡದೀತು, ಕೇಬಲ್ ಸುತ್ತಾಕ ಬಂದರ ಸಾಕು.